ಮಹಾದ್ವಾರದ ಹೊರಗೆ: ಚೋಖಾಮೇಳನ ಪರಂಪರೆ ಮತ್ತು ದೇವರ ಅಧಿಕಾರದ ಪ್ರಶ್ನೆ

ಭಕ್ತಿ ಪರಂಪರೆಗಳನ್ನು ಕುರಿತ ಚರ್ಚೆಗಳು ಬಹುಮಟ್ಟಿಗೆ ಎರಡು ನಿಲುವುಗಳ ನಡುವೆ ತೂಗಾಡಿವೆ. ಭಕ್ತಿಯು ಕೆಳಗಿನವರಿಗೆ ಸಮಾಧಾನ ಹೇಳಿ ಅವರನ್ನು ಇದ್ದಲ್ಲಿಯೇ ಇರಿಸಿತು ಎನ್ನುವುದು ಒಂದು; ಭಕ್ತಿಯೇ ಜಾತಿಯ ಬೇರನ್ನು ಅಲುಗಿಸಿದ ಮೊದಲ ಸಾಮಾಜಿಕ ಕ್ರಾಂತಿ ಎನ್ನುವುದು ಇನ್ನೊಂದು. ಎರಡಕ್ಕೂ ಬೇಕಾದಷ್ಟು ಸಾಕ್ಷ್ಯ ದೊರೆಯುತ್ತದೆ. ಸಾಕ್ಷ್ಯ ಇಷ್ಟು ಸುಲಭವಾಗಿ ದೊರೆಯುವುದೇ ಎರಡರ ಬಗೆಗೂ ಅನುಮಾನ ಹುಟ್ಟಿಸಬೇಕು. ದೇವರ ಪರಮಾಧಿಕಾರವನ್ನು ಮನಸಾರೆ ಒಪ್ಪಿಕೊಂಡ ಮನುಷ್ಯ ಲೋಕದ ಅನ್ಯಾಯದ ಎದುರಿಗೆ ಏನು ಮಾಡುತ್ತಾನೆ ಎಂಬ ಪ್ರಶ್ನೆಗೆ ತತ್ತ್ವವಿಚಾರದಿಂದ ಉತ್ತರ ಹೇಳುವುದಕ್ಕಿಂತ, ಒಂದು ನಿರ್ದಿಷ್ಟ ಬಾಗಿಲಿನ ಮುಂದೆ ಆರು ಶತಮಾನಗಳ ಕಾಲ ನಿಂತ ಜನರ ಹಾಡು, ಐತಿಹ್ಯ ಮತ್ತು ಹೋರಾಟಗಳಲ್ಲಿ ಉತ್ತರವನ್ನು ಹುಡುಕುವುದು ಹೆಚ್ಚು ಫಲಕಾರಿ. ಆ ಬಾಗಿಲು ಪಂಢರಪುರದ ವಿಠ್ಠಲ ಮಂದಿರದ ಮಹಾದ್ವಾರ. ಅದರ ಮೊದಲ ಮೆಟ್ಟಿಲನ್ನು ನಾಮದೇವನ ಮೆಟ್ಟಿಲೆಂದು ಕರೆಯುತ್ತಾರೆ. ಮೆಟ್ಟಿಲಿನ ಎದುರಿಗೆ, ಮಂದಿರದ ಹೊರಗೆ, ಮಹಾರ ಜಾತಿಯ ಸಂತ ಚೋಖಾಮೇಳನ ಸಮಾಧಿಯಿದೆ. 1947ರವರೆಗೂ ಅಸ್ಪೃಶ್ಯರೆನಿಸಿಕೊಂಡ ಯಾತ್ರಿಕರು ಬರಬಹುದಾಗಿದ್ದ ಕೊನೆಯ ಎಲ್ಲೆ ಅದೇ ಆಗಿತ್ತು.

ಪಂಢರಪುರ ಇಂದು ಮಹಾರಾಷ್ಟ್ರದ ಸೊಲ್ಲಾಪುರ ಜಿಲ್ಲೆಗೆ ಸೇರಿದ್ದರೂ ಕನ್ನಡಿಗರಿಗೆ ಅದು ಪರಸ್ಥಳವಲ್ಲ. ಹೊಯ್ಸಳ ಸೋಮೇಶ್ವರನ 1237ರ ಶಾಸನ ಅಲ್ಲಿದೆ. ಜ್ಞಾನದೇವನ ಹೆಸರಿನಲ್ಲಿ ಪ್ರಚಲಿತವಿರುವ ಅಭಂಗವೊಂದು ವಿಠ್ಠಲನನ್ನು ಕನ್ನಡದವನೆಂದೇ ಕರೆಯುತ್ತದೆ. ಹರಿದಾಸರ ಅಂಕಿತಗಳಲ್ಲಿ ವಿಠ್ಠಲನ ಹೆಸರು ನೆಲೆಸಿರುವುದನ್ನು ಹೇಳಬೇಕಾಗಿಯೇ ಇಲ್ಲ. ಮರಾಠಿಯ ಹಿರಿಯ ಜಾನಪದ ವಿದ್ವಾಂಸ ರಾ.ಚಿಂ. ಢೇರೆಯವರು 1984ರಲ್ಲಿ ಪ್ರಕಟಿಸಿದ ‘ಶ್ರೀವಿಠ್ಠಲ: ಏಕ ಮಹಾಸಮನ್ವಯ’ ಎಂಬ ಗ್ರಂಥದಲ್ಲಿ, ಈ ದೈವ ಮೂಲತಃ ದನ-ಕುರಿ ಕಾಯುವ ಜನರ ದೇವರು, ಆಮೇಲೆ ವೈಷ್ಣವ ಸ್ವರೂಪ ಪಡೆದವನು ಎಂದು ವಾದಿಸಿದ್ದಾರೆ. ಧನಗರರು ಇಂದಿಗೂ ವಿಠ್ಠಲ-ಬೀರಪ್ಪರನ್ನು ಜೋಡಿಯಾಗಿ ಪೂಜಿಸುವುದನ್ನು ಅವರು ಗಮನಿಸಿದರು. ಬೀರಪ್ಪನಾದರೋ ಕನ್ನಡನಾಡಿನ ಹಾಲುಮತದವರ ಮನೆದೇವರು. ಉತ್ತರ ಕರ್ನಾಟಕದ ಹಳ್ಳಿಗಳಿಂದ ಆಷಾಢ ಏಕಾದಶಿಗೆ ದಿಂಡಿಗಳು ಕಾಲ್ನಡಿಗೆಯಲ್ಲಿ ಹೊರಡುವುದು ಈಗಲೂ ಇದೆ. ಹಟ್ಟಿಯ ದೇವರಾಗಿದ್ದವನು ಗರ್ಭಗುಡಿಯ ದೇವರಾದದ್ದು ಒಂದು ಬೆಳವಣಿಗೆ. ಹಟ್ಟಿಯ ಆಚೆ, ಊರಾಚೆ ಇದ್ದವರಿಗೆ ಆ ಗರ್ಭಗುಡಿ ಮುಚ್ಚಿಕೊಂಡದ್ದು ಅದರ ಮತ್ತೊಂದು ಮುಖ.

ಚೋಖಾಮೇಳ ಹದಿಮೂರನೆಯ ಶತಮಾನದ ಕೊನೆ ಮತ್ತು ಹದಿನಾಲ್ಕನೆಯ ಶತಮಾನದ ಆರಂಭದಲ್ಲಿ ಬದುಕಿದವನು. ನಾಮದೇವ ಅವನ ಗುರು. ಹೆಂಡತಿ ಸೋಯರಾಬಾಯಿ, ತಂಗಿ ನಿರ್ಮಳಾ, ಅವಳ ಗಂಡ ಬಂಕಾ, ಮಗ ಕರ್ಮಮೇಳ, ಹೀಗೆ ಇಡೀ ಕುಟುಂಬವೇ ಅಭಂಗಗಳನ್ನು ರಚಿಸಿತೆಂಬುದು ಭಾರತೀಯ ಭಕ್ತಿ ಸಾಹಿತ್ಯದಲ್ಲಿ ಅಪರೂಪದ ಸಂಗತಿ. ಚೋಖಾಮೇಳನ ಹೆಸರಿನಲ್ಲಿ ಸುಮಾರು 350 ಅಭಂಗಗಳು ಉಳಿದಿವೆ. ಅವನು ಬಾಳಿದ್ದು ಮಂಗಳವೇಢೆಯಲ್ಲಿ. ಕಲಚುರಿ ಬಿಜ್ಜಳನ ಮೊದಲ ರಾಜಧಾನಿಯಾಗಿದ್ದ, ಬಸವಣ್ಣನವರು ಕರಣಿಕರಾಗಿ ವೃತ್ತಿಜೀವನ ಆರಂಭಿಸಿದರೆಂದು ಪರಂಪರೆ ಹೇಳುವ ಊರೇ ಇದು. ಹರಳಯ್ಯ-ಮಧುವರಸರ ಪ್ರಸಂಗ ಕಲ್ಯಾಣವನ್ನು ಅಲ್ಲಾಡಿಸಿ ಒಂದೂವರೆ ಶತಮಾನ ಕಳೆದಿರಲಿಲ್ಲ. ಅದೇ ಸೀಮೆಯಲ್ಲಿ ಮತ್ತೊಬ್ಬ ಊರಾಚೆಯ ಭಕ್ತ ಹಾಡತೊಡಗಿದ್ದ. ಇವೆರಡರ ನಡುವೆ ನೇರ ಸಂಬಂಧ ಕಲ್ಪಿಸಲು ಆಧಾರವಿಲ್ಲ. ಆದರೆ ನೆಲದ ನೆನಪು ಗ್ರಂಥಗಳ ನೆನಪಿಗಿಂತ ಬೇರೆ ದಾರಿಗಳಲ್ಲಿ ಹರಿಯುತ್ತದೆಂಬುದು ಜಾನಪದ ವಿದ್ಯಾರ್ಥಿಗಳಿಗೆ ಹೊಸ ಮಾತಲ್ಲ.

ಚೋಖಾಮೇಳನ ರಚನೆಗಳಲ್ಲಿ ‘ಜೋಹಾರ’ ಎಂಬ ವರ್ಗಕ್ಕೆ ಸೇರಿದವು ವಿಶೇಷ ಗಮನಕ್ಕೆ ಅರ್ಹ. ಜೋಹಾರ ಎಂಬುದು ಮಹಾರನು ಊರ ಪಾಟೀಲನ ಮುಂದೆ ನಿಂತು ಹೇಳಬೇಕಾಗಿದ್ದ ವಂದನೆಯ ಮಾತು. ಮಹಾರನು ಊರಿನ ಎಲ್ಲೆ ಬಲ್ಲವನು, ಓಲೆ ಒಯ್ಯುವವನು, ಕಂದಾಯಕ್ಕೆ ಕರೆ ಕೊಡುವವನು, ಸತ್ತ ದನ ಎಳೆಯುವವನು. ಕನ್ನಡನಾಡಿನ ಕುಳವಾಡಿ, ತೋಟಿ, ವಾಲಿಕಾರರ ಕೆಲಸಗಳನ್ನು ಬಲ್ಲವರಿಗೆ ಈ ಚಿತ್ರ ಅಪರಿಚಿತವಲ್ಲ. ದಿನದ ವರದಿ ಒಪ್ಪಿಸಿ, ಉಳಿದ ಅನ್ನವನ್ನು ಬೇಡಿ ಪಡೆಯುವುದು ಅವನ ಪಾಲಿನ ಕ್ರಮ. ಚೋಖಾಮೇಳ ಈ ಇಡೀ ವ್ಯವಹಾರವನ್ನು ಎತ್ತಿ ವಿಠ್ಠಲನ ಮುಂದೆ ಇರಿಸುತ್ತಾನೆ. ಒಡೆಯ ವಿಠ್ಠಲ, ಆಳು ತಾನು. ಸಂತರ ಎಂಜಲಿಗಾಗಿ ಕಾದು ನಿಂತವನೂ ತಾನೇ.

ಮೇಲುನೋಟಕ್ಕೆ ಇದು ಶರಣಾಗತಿಯ ಪರಾಕಾಷ್ಠೆ. ಆದರೆ ಈ ರೂಪಕದೊಳಗೆ ಸದ್ದಿಲ್ಲದೆ ಒಂದು ಪಲ್ಲಟ ನಡೆದಿದೆ. ಪಾಟೀಲನಿಗೆ ಸಲ್ಲಬೇಕಾಗಿದ್ದ ಜೋಹಾರ ಪಾಟೀಲನಿಗೆ ಸಲ್ಲಲಿಲ್ಲ. ಒಡೆತನದ ಭಾಷೆ ಹಾಗೆಯೇ ಉಳಿದು ಒಡೆಯ ಬದಲಾದ. ನಿಜವಾದ ಒಡೆಯ ದೇವರೇ ಎಂದ ಮೇಲೆ, ಊರ ಒಡೆಯರು ಹೆಚ್ಚೆಂದರೆ ಆ ಒಡೆಯನ ಇನ್ನೊಂದು ಬಗೆಯ ಆಳುಗಳು. ದೇವರ ಅಧಿಕಾರದಲ್ಲಿ ನಂಬಿಕೆಯಿಡುವುದು ಮನುಷ್ಯರ ಅಧಿಕಾರವನ್ನು ಅಳೆದು ನೋಡುವ ಕೋಲಾಗಬಲ್ಲದು ಎಂಬುದಕ್ಕೆ ಜೋಹಾರಗಳು ಸಾಕ್ಷಿ. ಹಾಗೆಂದು ಇವನ್ನು ಬಂಡಾಯದ ಘೋಷಣೆಗಳೆಂದು ಓದುವುದೂ ಅತಿಯಾದೀತು. ತನ್ನ ಹೀನಜನ್ಮ ಹಿಂದಿನ ಜನ್ಮದ ದೋಷದ ಫಲ ಎನ್ನುವ ಅಭಂಗಗಳೂ ಅವನ ಹೆಸರಿನಲ್ಲಿವೆ. ಮೈಲಿಗೆಯಿಲ್ಲದೆ ಹುಟ್ಟಿದ ದೇಹ ಯಾವುದು ಎಂದು ಕೇಳುವವನೂ ಅವನೇ. ಈ ಎರಡು ದನಿಗಳನ್ನು ಒಂದೇ ಸಿದ್ಧಾಂತಕ್ಕೆ ಒಗ್ಗಿಸಲು ಹೊರಟ ವಿಮರ್ಶಕರು ಒಂದಿಲ್ಲೊಂದು ದನಿಯನ್ನು ಪ್ರಕ್ಷಿಪ್ತವೆಂದು ತಳ್ಳಿಹಾಕಬೇಕಾಗಿ ಬಂದಿದೆ. ದಿನವೂ ಬಾಗಿಲ ಹೊರಗೆ ನಿಲ್ಲುವವನ ಮನಸ್ಸಿನಲ್ಲಿ ಎರಡೂ ಇರುವುದು ಅಸಹಜವೇನಲ್ಲ.

ಸೋಯರಾಬಾಯಿಯ ದನಿ ಇನ್ನಷ್ಟು ನೇರ. ಮೈಲಿಗೆ ದೇಹದೊಳಗೇ ಹುಟ್ಟುವಂಥದ್ದು, ಅದನ್ನು ಹೊರತುಪಡಿಸಿದ ದೇಹವೇ ಇಲ್ಲ, ಹಾಗಿರುವಾಗ ಮಡಿವಂತ ಯಾರು ಎಂಬುದು ಅವಳ ವಾದದ ತಿರುಳು. ಹೆರಿಗೆ, ಮುಟ್ಟುಗಳನ್ನು ಬಲ್ಲ ಹೆಣ್ಣೊಬ್ಬಳ ಬಾಯಲ್ಲಿ ಈ ತರ್ಕಕ್ಕೆ ಬರುವ ತೂಕವೇ ಬೇರೆ.

ಕರ್ಮಮೇಳನಾದರೋ ತಂದೆಯ ದಾಸ್ಯಭಾವವನ್ನು ಒಪ್ಪಿಕೊಂಡವನಲ್ಲ. ಹೀನ ಜಾತಿಯಲ್ಲಿ ಹುಟ್ಟಿಸಿ, ಎಂಜಲನ್ನವನ್ನು ಉಣ್ಣಿಸಿ, ಇದರಿಂದ ನಿನಗೆ ದೊರೆತ ಹಿರಿಮೆಯೇನು ಎಂದು ಅವನು ದೇವರನ್ನೇ ವಿಚಾರಣೆಗೆ ನಿಲ್ಲಿಸುತ್ತಾನೆ. ಒಡೆಯ ಬದಲಾದರೂ ಎಂಜಲು ಎಂಜಲಾಗಿಯೇ ಉಳಿಯಿತಲ್ಲ ಎಂಬ ಅರಿವು ಒಂದು ತಲೆಮಾರಿನೊಳಗೆ ಒಂದೇ ಗುಡಿಸಲಿನಲ್ಲಿ ಮೂಡಿತ್ತು. ಆದರೂ ಅವನ ದೂರು ಸಲ್ಲುವುದು ದೇವರಿಗೇ. ದೂರು ಕೊಡಲು ಇನ್ನೊಂದು ಕಚೇರಿ ಅವನ ಕಾಲದಲ್ಲಿ ಇರಲಿಲ್ಲ ಎಂಬುದನ್ನು ಮರೆತು ಅವನ ಭಕ್ತಿಯನ್ನು ಮೆಚ್ಚುವುದಾಗಲಿ, ಅವನ ಕ್ರಾಂತಿಯನ್ನು ಕೊಂಡಾಡುವುದಾಗಲಿ ತರವಲ್ಲ.

ಹಾಡುಗಳಿಂದ ಐತಿಹ್ಯಗಳ ಕಡೆಗೆ ಬಂದರೆ ಅಧಿಕಾರದ ಪ್ರಶ್ನೆ ಬೇರೆ ಬಣ್ಣ ತಳೆಯುತ್ತದೆ. ಬಾಯಿಂದ ಬಾಯಿಗೆ ಹರಿದುಬಂದ ಸಂತರ ಕಥೆಗಳನ್ನು ಮಹೀಪತಿ ತನ್ನ ‘ಭಕ್ತವಿಜಯ’ದಲ್ಲಿ 1762ರ ಸುಮಾರಿಗೆ ಒಟ್ಟುಗೂಡಿಸಿದ. ಚೋಖಾಮೇಳನ ಕಥೆಗಳ ಕಟ್ಟಡ ಹೆಚ್ಚುಕಡಿಮೆ ಒಂದೇ. ರಾತ್ರಿ ವಿಠ್ಠಲ ತಾನೇ ಬಂದು ಅವನ ಕೈಹಿಡಿದು ಗರ್ಭಗುಡಿಗೆ ಕರೆದೊಯ್ಯುತ್ತಾನೆ; ಬೆಳಗಾಗುತ್ತಲೇ ಪೂಜಾರಿಗಳು ಅವನನ್ನು ಹೊಳೆಯಾಚೆ ಅಟ್ಟುತ್ತಾರೆ. ದೇವರು ಹೊಳೆ ದಾಟಿ ಹೋಗಿ ಅವನ ಜೊತೆ ಕುಳಿತು ಉಣ್ಣುತ್ತಾನೆ. ಬಡಿಸುವಾಗ ಮೊಸರು ಚೆಲ್ಲಿ ದೇವರ ಬಟ್ಟೆ ತೊಯ್ಯುತ್ತದೆ. ಅದನ್ನು ಕಂಡು ತಪ್ಪುತಿಳಿದ ಪೂಜಾರಿಯೊಬ್ಬ ಚೋಖಾಮೇಳನ ಕೆನ್ನೆಗೆ ಹೊಡೆಯುತ್ತಾನೆ. ಹಿಂದಿರುಗಿ ಗುಡಿಗೆ ಬಂದರೆ ಮೂರ್ತಿಯ ಕೆನ್ನೆ ಬಾತಿರುತ್ತದೆ, ಪೀತಾಂಬರದ ಮೇಲೆ ಮೊಸರಿರುತ್ತದೆ. ಸೋಯರಾಬಾಯಿ ಬಸುರಿಯಾಗಿ ನೋವು ತಿನ್ನುತ್ತಿದ್ದಾಗ ವಿಠ್ಠಲ ನಾದಿನಿಯ ರೂಪದಲ್ಲಿ ಬಂದು ಹೆರಿಗೆ ಮಾಡಿಸಿದನೆಂಬ ಕಥೆ ಇವೆಲ್ಲಕ್ಕಿಂತ ದಿಟ್ಟವಾದುದು. ಸೂಲಗಿತ್ತಿಯ ಕೆಲಸವೆಂದರೆ ಶಿಷ್ಟರ ಲೆಕ್ಕದಲ್ಲಿ ಮೈಲಿಗೆ. ಆ ಮೈಲಿಗೆಗೆ ದೇವರೇ ಕೈಹಾಕಿದ ಎಂದು ಹೇಳುವ ಧೈರ್ಯ ಶಾಸ್ತ್ರಕ್ಕಿಲ್ಲ, ಕಥೆಗಿದೆ.

ಉಡುಪಿಯ ಕನಕನ ಕಿಂಡಿಯ ಐತಿಹ್ಯವನ್ನು ಇವುಗಳ ಪಕ್ಕದಲ್ಲಿಟ್ಟು ನೋಡಬಹುದು. ಅಲ್ಲಿ ದೇವರು ಭಕ್ತನ ಕಡೆಗೆ ತಿರುಗಿ ನಿಲ್ಲುತ್ತಾನೆ, ಇಲ್ಲಿ ದೇವರು ಭಕ್ತನ ಗುಡಿಸಿಲಿಗೇ ನಡೆದುಹೋಗುತ್ತಾನೆ. ಎರಡೂ ಕಡೆ ಚಲಿಸುವವನು ದೇವರೊಬ್ಬನೇ. ಬಾಗಿಲು ಇದ್ದಲ್ಲೇ ಇರುತ್ತದೆ, ಬಾಗಿಲು ಕಾಯುವವರೂ ಇದ್ದಲ್ಲೇ ಇರುತ್ತಾರೆ. ಪೂಜಾರಿ ನಾಚಿದನೆಂದು ಕಥೆ ಹೇಳುತ್ತದೆಯೇ ಹೊರತು ಮರುದಿನದಿಂದ ಮಹಾರರೆಲ್ಲ ಒಳಗೆ ಹೋದರೆಂದು ಹೇಳುವುದಿಲ್ಲ. ಅಪವಾದವಾಗಿ ಒಬ್ಬ ಭಕ್ತನನ್ನು ಒಪ್ಪಿಕೊಂಡು ನಿಯಮವನ್ನು ಉಳಿಸಿಕೊಳ್ಳುವ ಜಾಣ್ಮೆ ಇಂಥ ಕಥೆಗಳ ಶಿಷ್ಟ ನಿರೂಪಣೆಗಳಲ್ಲಿದೆ. ಮೇಲುಕೋಟೆಯ ತಿರುಕುಲದವರ ಉದಾಹರಣೆ ಇನ್ನೂ ಸ್ಪಷ್ಟ. ಚೆಲುವಪಿಳ್ಳೆಯನ್ನು ದೆಹಲಿಯಿಂದ ತರುವಾಗ ರಾಮಾನುಜರಿಗೆ ನೆರವಾದರೆಂಬ ಐತಿಹ್ಯದ ಬಲದಿಂದ ಅವರಿಗೆ ವರ್ಷದಲ್ಲಿ ಮೂರು ದಿನ ದೇವಾಲಯ ಪ್ರವೇಶದ ಹಕ್ಕು ದೊರೆತಿತ್ತು. ಅದು ಹಕ್ಕು ಹೌದು. ಆದರೆ ದಿನಗಳನ್ನು ಎಣಿಸಿ ಕೊಟ್ಟ ಹಕ್ಕು.

ಹಕ್ಕು ಎಂಬ ಮಾತು ಬಂದದ್ದರಿಂದ ಮಂಗಳವೇಢೆಯ ಇನ್ನೊಂದು ಐತಿಹ್ಯವನ್ನು ತುಸು ವಿವರವಾಗಿ ನೋಡಬೇಕು. ಅದು ಮಂಗಳವೇಢೆಯನ್ನು ಬೀದರಿಗೆ ಜೋಡಿಸುತ್ತದೆ. ಹದಿನೈದನೆಯ ಶತಮಾನದಲ್ಲಿ ಬಹಮನಿ ಸುಲ್ತಾನರ ಕೈಕೆಳಗೆ ದಾಮಾಜಿಪಂತನೆಂಬ ಅಧಿಕಾರಿ ಅಲ್ಲಿದ್ದ. ಭೀಕರ ಬರ ಬಿದ್ದಾಗ ಅವನು ಸರಕಾರಿ ಕಣಜವನ್ನು ತೆರೆದು ಹಸಿದವರಿಗೆ ಹಂಚಿದ. ಸುದ್ದಿ ಬೀದರಿಗೆ ಮುಟ್ಟಿ, ಅವನನ್ನು ಹಿಡಿದು ತರಲು ಆಜ್ಞೆಯಾಯಿತು. ದಾಮಾಜಿ ಬೀದರ ತಲುಪುವ ಮೊದಲೇ ಕರಿಯ ಕಂಬಳಿಯ ಮಹಾರನೊಬ್ಬ ದರ್ಬಾರಿಗೆ ಬಂದ. ಹೆಸರು ವಿಠು ಎಂದ. ದಾಮಾಜಿಯ ಲೆಕ್ಕ ಚುಕ್ತಾ ಮಾಡಲು ಬಂದಿರುವೆನೆಂದು ಹಣ ಸುರಿದ. ರಸೀದಿ ಪಡೆದು ಹೊರಟುಹೋದ. ಆ ಮಹಾರ ವಿಠ್ಠಲನೇ ಎಂಬುದು ದಾಮಾಜಿಗೆ ಆಮೇಲೆ ತಿಳಿಯಿತು.

ಈ ಕಥೆಯನ್ನು ದಾಮಾಜಿಯ ಭಕ್ತಿಯ ಮಹಿಮೆಯಾಗಿ ಕೀರ್ತನಕಾರರು ಹೇಳುತ್ತ ಬಂದಿದ್ದಾರೆ. ಆದರೆ ಅದರ ಹೊಟ್ಟೆಯೊಳಗಿರುವುದು ಅನ್ನದ ನ್ಯಾಯ. ರಾಜನ ಕಣಜದ ಮೇಲೆ ಹಸಿದವರಿಗೆ ಹಕ್ಕಿದೆಯೇ? ಆಜ್ಞೆ ಮೀರಿದ ಅಧಿಕಾರಿ ದ್ರೋಹಿಯೇ? ದೇವರು ಬಂದು ಅವನ ಪರವಾಗಿ ಹಣ ಕಟ್ಟಿದನೆಂದರೆ, ಮೇಲಿನ ಅಧಿಕಾರವೊಂದು ಆ ಮೀರುವಿಕೆಗೆ ಅಂಕಿತ ಹಾಕಿತು ಎಂದೇ ಅರ್ಥ. ದೇವರು ಸುಲ್ತಾನನ ವಿರುದ್ಧ ಸೈನ್ಯ ತರಲಿಲ್ಲ, ಪವಾಡದಿಂದ ಕಣಜ ತುಂಬಿಸಲೂ ಇಲ್ಲ. ಲೆಕ್ಕ ಕಟ್ಟಿ ರಸೀದಿ ಪಡೆದ. ಕಂದಾಯದ ಕಾಟವನ್ನು ಬಲ್ಲ ರೈತರ ಕಲ್ಪನೆ ಇದು.

ಮಹಾರರು ಈ ಕಥೆಯನ್ನು ತಮ್ಮದೇ ರೀತಿಯಲ್ಲಿ ಮುಂದುವರಿಸಿದರು. ಬೀದರಿನ ಬಾದಶಹ ತಮಗೆ 52 ಹಕ್ಕುಗಳನ್ನು ದಯಪಾಲಿಸಿದನೆಂಬುದು ಅವರಲ್ಲಿ ಬಲವಾಗಿ ಬೇರೂರಿದ್ದ ನಂಬಿಕೆ. ಕೆಲವು ನಿರೂಪಣೆಗಳಲ್ಲಿ ಈ ಸನದು ದೊರೆತದ್ದು ಅಮೃತನಾಕನೆಂಬ ಮಹಾರ ವೀರನ ಸೇವೆಗೆ. ಇನ್ನು ಕೆಲವು ನಿರೂಪಣೆಗಳಲ್ಲಿ ದಾಮಾಜಿಯ ಸಾಲ ತೀರಿಸಿದ ವಿಠು ಮಹಾರನಿಗೆ. ಸುಗ್ಗಿಯ ಕಾಳಿನಲ್ಲಿ ಪಾಲು, ಸತ್ತ ದನದ ತೊಗಲು, ಹೆಣದ ಮೇಲಿನ ಬಟ್ಟೆ ಮುಂತಾದವು ಆ ಪಟ್ಟಿಯಲ್ಲಿದ್ದವು. ಊರಿನವರು ಕೊಡುವ ಕಾಳು ಧರ್ಮವಲ್ಲ, ತಮಗೆ ಸಲ್ಲಬೇಕಾದ ಬಾಬತ್ತು ಎಂದು ವಾದಿಸಲು ಈ ಐತಿಹ್ಯ ಅವರಿಗೆ ಕಾಗದಪತ್ರದಂತೆ ಒದಗಿತು. ದೇವರು ಮಹಾರನಾಗಿ ದರ್ಬಾರಿಗೆ ಹೋದನೆಂದ ಮೇಲೆ ಆ ಬಾಬತ್ತಿಗೆ ದೇವರೇ ಜಾಮೀನು. ಇಲ್ಲಿ ದೈವದ ಮೇಲಿನ ಭರವಸೆ ಕೈಕಟ್ಟಿ ಕೂರುವುದಕ್ಕೆ ಕಾರಣವಾಗಲಿಲ್ಲ. ಸುಗ್ಗಿಯ ಕಣದಲ್ಲಿ ನಿಂತು ಜಗಳವಾಡುವ ಕಸುವಾಯಿತು.

ಆದರೆ ಆ ಹಕ್ಕುಗಳು ಯಾವುವು ಎಂಬುದನ್ನು ಇನ್ನೊಮ್ಮೆ ನೋಡಿದರೆ ಇಡೀ ವಿಷಯದ ಇಕ್ಕಟ್ಟು ಗೋಚರಿಸುತ್ತದೆ. ತೊಗಲು, ಹೆಣದ ಬಟ್ಟೆ, ಕಣದ ಕಾಳು. ಹಕ್ಕೆಂದು ಕಾಪಾಡಿಕೊಂಡದ್ದೇ ಸಂಕೋಲೆಯೂ ಆಗಿತ್ತು. ಡಾ. ಬಿ.ಆರ್. ಅಂಬೇಡ್ಕರ್ ಇದನ್ನು ಯಾರಿಗಿಂತಲೂ ನಿಚ್ಚಳವಾಗಿ ಕಂಡವರು. 1874ರ ಮುಂಬಯಿ ವಂಶಪಾರಂಪರ್ಯ ಹುದ್ದೆಗಳ ಕಾಯ್ದೆಗೆ ತಿದ್ದುಪಡಿ ತರಲು ಅವರು 1928ರಲ್ಲಿ ಮುಂಬಯಿ ಶಾಸನ ಪರಿಷತ್ತಿನಲ್ಲಿ ಮಸೂದೆ ಮಂಡಿಸಿದರು. ಹಗಲಿರುಳೆನ್ನದೆ ಯಾರು ಕರೆದರೂ ಓಡಬೇಕಾದ, ಬದಲಿಗೆ ತುಂಡುಭೂಮಿ ಮತ್ತು ಚೂರುಪಾರು ಕಾಳು ಪಡೆಯುವ ವತನವೇ ಮಹಾರರ ದೈನ್ಯದ ಮೂಲವೆಂಬುದು ಅವರ ವಾದ. ಮಸೂದೆ ಅಂಗೀಕಾರವಾಗಲಿಲ್ಲ. ಸ್ವತಃ ಮಹಾರರಲ್ಲೇ ಅನೇಕರು ವತನವನ್ನು ಬಿಡಲು ಹಿಂಜರಿದರು. ವತನ ರದ್ದಾದದ್ದು 1958ರ ಕಾಯ್ದೆಯಿಂದ. ಕರ್ನಾಟಕದಲ್ಲಿ ಅದಕ್ಕೆ ಸಮನಾದ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯ್ದೆ 1961ರದು. ಬೀದರಿನ ಬಾದಶಹನ ಸನದಿನ ಕಥೆಗೆ ಲೌಕಿಕ ಆಧಾರ ಅಲ್ಲಿಗೆ ಮುಗಿಯಿತು.

ಚೋಖಾಮೇಳನ ಸಾವಿನ ಕಥೆಯನ್ನೂ ಬಿಟ್ಟಿ ಚಾಕರಿಯ ಈ ಹಿನ್ನೆಲೆಯಲ್ಲಿ ಓದಬೇಕು. 1338ರಲ್ಲಿ ಮಂಗಳವೇಢೆಯ ಗೋಡೆ ಕಟ್ಟುವ ಕೆಲಸಕ್ಕೆ ಮಹಾರರನ್ನು ಹಿಡಿದೊಯ್ದಿದ್ದರು. ಗೋಡೆ ಕುಸಿದು ಅವನು ಇತರರೊಂದಿಗೆ ಅದರಡಿ ಸತ್ತ. ರಾಶಿಯಲ್ಲಿ ಅವನ ಎಲುಬುಗಳನ್ನು ಗುರುತಿಸುವುದು ಹೇಗೆ? ವಿಠ್ಠಲನ ಹೆಸರು ಯಾವ ಎಲುಬಿನಿಂದ ಕೇಳಿಸುತ್ತಿತ್ತೋ ಅವನ್ನು ನಾಮದೇವ ಆಯ್ದು ತಂದು ಮಹಾದ್ವಾರದೆದುರು ಸಮಾಧಿ ಮಾಡಿದನೆಂದು ಪರಂಪರೆ ಹೇಳುತ್ತದೆ. ಭಕ್ತಿಯ ಕಥೆಯಾಗಿ ಇದು ಪ್ರಸಿದ್ಧ. ಆದರೆ ಗೋಡೆಯಡಿ ಸಿಕ್ಕವರಲ್ಲಿ ಹೆಸರಿಲ್ಲದ ಉಳಿದ ಕೂಲಿಗಳೂ ಇದ್ದರೆಂಬುದನ್ನು ಕಥೆ ಮರೆಮಾಚುವುದಿಲ್ಲ. ‘ಕೆರೆಗೆ ಹಾರ’ದ ಭಾಗೀರಥಿಯನ್ನು ನೆನೆವ ಕನ್ನಡ ಓದುಗರಿಗೆ, ಕಟ್ಟೋಣಗಳು ಮನುಷ್ಯರನ್ನು ನುಂಗಿದ ನೆನಪನ್ನು ಜನಪದರು ಎಷ್ಟು ದೀರ್ಘಕಾಲ ಕಾಪಿಟ್ಟುಕೊಳ್ಳುತ್ತಾರೆಂಬುದು ಗೊತ್ತಿದೆ. ಭಾಗೀರಥಿಯದು ಬಲಿ. ಇಲ್ಲಿನದು ಬಲಿಯೂ ಅಲ್ಲ, ಬರಿಯ ಬಿಟ್ಟಿ.

ಸಮಾಧಿಯು ಮಹಾದ್ವಾರದ ಹತ್ತಿರ ಬಂದದ್ದು ಗೌರವವೋ, ಎಲ್ಲೆಕಲ್ಲೋ ಎಂಬ ಪ್ರಶ್ನೆ ಇಪ್ಪತ್ತನೆಯ ಶತಮಾನದಲ್ಲಿ ಮುನ್ನೆಲೆಗೆ ಬಂತು. ಇರಾವತಿ ಕರ್ವೆಯವರು ಪಂಢರಪುರದ ಕಾಲ್ನಡಿಗೆಯನ್ನು ಕುರಿತು ಬರೆದ ಪ್ರಬಂಧದಲ್ಲಿ, ದಾರಿಯುದ್ದಕ್ಕೂ ಒಟ್ಟಿಗೆ ಹಾಡಿ ಕುಣಿದ ಜನ ಅಡುಗೆ-ಊಟಕ್ಕೆ ಜಾತಿಜಾತಿಯಾಗಿ ಬೇರೆಯಾಗುವುದನ್ನು ಕಂಡು ನೊಂದದ್ದನ್ನು ದಾಖಲಿಸಿದ್ದಾರೆ. ಒಬ್ಬರ ಕಾಲಿಗೊಬ್ಬರು ಎರಗುವ ವಾರಕರಿಗಳ ಸಮತೆ ನಿಜವಾದುದೇ. ಒಲೆಗಳು ಬೇರೆಯಿದ್ದದ್ದೂ ಅಷ್ಟೇ ನಿಜ.

ಗಾಡಗೇ ಬಾಬಾ ಈ ಇಕ್ಕಟ್ಟಿಗೆ ಕಂಡುಕೊಂಡ ದಾರಿ ವಿಶಿಷ್ಟವಾದುದು. 1876ರಲ್ಲಿ ಅಮರಾವತಿ ಜಿಲ್ಲೆಯ ಅಗಸರ ಕುಟುಂಬದಲ್ಲಿ ಹುಟ್ಟಿದ ಅವರು ಕೈಯಲ್ಲೊಂದು ಪೊರಕೆ, ತಲೆಯ ಮೇಲೊಂದು ಮಡಕೆ ಇಟ್ಟುಕೊಂಡು ಊರೂರು ತಿರುಗಿದರು. ಹಗಲು ಊರು ಗುಡಿಸುವುದು, ರಾತ್ರಿ ಕೀರ್ತನೆ. ಆ ಕೀರ್ತನೆಗಳಲ್ಲಿ ಸಾಲ, ಹೆಂಡ, ಪ್ರಾಣಿಬಲಿ, ಅಸ್ಪೃಶ್ಯತೆಗಳನ್ನು ಕುರಿತ ಪ್ರಶ್ನೋತ್ತರವೇ ಹೆಚ್ಚು. ಪಂಢರಪುರಕ್ಕೆ ತಪ್ಪದೆ ಹೋಗುತ್ತಿದ್ದರೂ ಅವರು ನದಿಯ ದಂಡೆಯಲ್ಲಿ ಉಳಿದು ಜನಸೇವೆ ಮಾಡಿದರೇ ಹೊರತು ವಿಠ್ಠಲನ ದರ್ಶನಕ್ಕೆ ಸಾಲುಗಟ್ಟಲಿಲ್ಲ. ಬಾಗಿಲು ತೆರೆಯಿರೆಂದು ಕೇಳುವ ಬದಲು ಬಾಗಿಲಿನ ಮಹತ್ವವನ್ನೇ ಕುಗ್ಗಿಸುವ ಕ್ರಮವಿದು. ಅಸ್ಪೃಶ್ಯ ಯಾತ್ರಿಕರು ಇಳಿದುಕೊಳ್ಳಲು ಅವರು ಅಲ್ಲಿ ಕಟ್ಟಿಸಿದ ಚೋಖಾಮೇಳ ಧರ್ಮಶಾಲೆಯನ್ನು 1949ರಲ್ಲಿ ಅಂಬೇಡ್ಕರರ ಪೀಪಲ್ಸ್ ಎಜುಕೇಷನ್ ಸೊಸೈಟಿಗೆ ಒಪ್ಪಿಸಿದರು. ದೇವರನ್ನು ಬಿಡದ ಕೀರ್ತನಕಾರನೊಬ್ಬ ಧರ್ಮವನ್ನೇ ಬದಲಾಯಿಸಲು ನಿರ್ಧರಿಸಿದ್ದ ನಾಯಕನ ಶಿಕ್ಷಣ ಸಂಸ್ಥೆಗೆ ಸಂತನ ಹೆಸರಿನ ಕಟ್ಟಡವನ್ನು ಕೊಟ್ಟ ಈ ಘಟನೆ ಆ ಕಾಲದ ಸಂಬಂಧಗಳ ಜಟಿಲತೆಯನ್ನು ತೋರಿಸುತ್ತದೆ. ಆಸ್ತಿಕ ಸುಧಾರಕರು ಒಂದು ಕಡೆ, ವಿಚಾರವಾದಿಗಳು ಇನ್ನೊಂದು ಕಡೆ ಎಂದು ಗೆರೆ ಎಳೆಯುವವರು ಇದನ್ನು ಗಮನಿಸುವುದು ಒಳಿತು.

ಬಾಗಿಲನ್ನೇ ತೆರೆಸಲು ಹೊರಟವರು ಸಾನೆ ಗುರೂಜಿ. ಪಾಂಡುರಂಗ ಸದಾಶಿವ ಸಾನೆ ಎಂಬ ಅವರ ಹೆಸರಿನಲ್ಲೇ ಪಂಢರಪುರದ ದೇವರಿದ್ದಾನೆ. ‘ಶ್ಯಾಮನ ತಾಯಿ’ಯ ಲೇಖಕರೆಂದು ಕನ್ನಡಿಗರಿಗೂ ಪರಿಚಿತರಾದ ಅವರು ಹಲವು ತಿಂಗಳು ಮಹಾರಾಷ್ಟ್ರದ ಊರುಗಳನ್ನು ಸುತ್ತಿ ಜನಾಭಿಪ್ರಾಯ ರೂಪಿಸಿ, 1947ರ ಮೇ 1ರಂದು ಪಂಢರಪುರದ ತನಪುರೆ ಮಹಾರಾಜರ ಮಠದಲ್ಲಿ ಉಪವಾಸ ಕುಳಿತರು. ಸ್ವಾತಂತ್ರ್ಯ ಹೊಸ್ತಿಲಲ್ಲಿ ನಿಂತಿರುವಾಗ ವಿಠ್ಠಲನ ಹೊಸ್ತಿಲು ಮುಚ್ಚಿರಬಾರದೆಂಬುದು ಅವರ ಹಟ. ಪೂಜೆಯ ಪರಂಪರಾಗತ ಹಕ್ಕು ಹೊಂದಿದ್ದ ಬಡ್ವೆ ಮನೆತನಗಳು ವಿರೋಧಿಸಿದವು. ಎರಡೂ ಪಕ್ಷಗಳು ವಿಠ್ಠಲನ ಹೆಸರಿನಲ್ಲೇ ಮಾತನಾಡಿದವೆಂಬುದು ಗಮನಾರ್ಹ. ನಡೆದುಬಂದ ಸಂಪ್ರದಾಯವೇ ದೇವರ ಆಜ್ಞೆ ಎಂದು ಒಂದು ಪಕ್ಷ. ಚೋಖಾಮೇಳನ ಜೊತೆ ಉಂಡ ದೇವರ ಆಜ್ಞೆ ಬೇರೆಯೇ ಎಂದು ಇನ್ನೊಂದು. ಸಂಪ್ರದಾಯದ ದೇವರಿಗೆ ಎದುರಾಗಿ ಐತಿಹ್ಯದ ದೇವರನ್ನು ಸಾಕ್ಷಿಗೆ ಕರೆದಂತಾಯಿತು. ಮೇ 10ರಂದು ಒಪ್ಪಿಗೆ ದೊರೆತು ಉಪವಾಸ ಮುಗಿಯಿತು. ಅದೇ ವರ್ಷ ಮುಂಬಯಿ ಪ್ರಾಂತ್ಯದಲ್ಲಿ ಹರಿಜನ ದೇವಾಲಯ ಪ್ರವೇಶ ಕಾಯ್ದೆ ಬಂತು. ಆಗ ಮುಂಬಯಿಗೆ ಸೇರಿದ್ದ ಬೆಳಗಾವಿ, ಧಾರವಾಡ, ವಿಜಯಪುರ, ಕಾರವಾರ ಸೀಮೆಗಳ ಗುಡಿಗಳಿಗೂ ಅದು ಅನ್ವಯಿಸಿತು.

ಈ ಗೆಲುವನ್ನು ನಾಸಿಕದ ಕಾಳಾರಾಮ ಮಂದಿರದ ಸತ್ಯಾಗ್ರಹದೊಡನೆ ಹೋಲಿಸದೆ ಇರಲಾಗದು. 1930ರ ಮಾರ್ಚ್ 2ರಂದು ಅಂಬೇಡ್ಕರರ ನೇತೃತ್ವದಲ್ಲಿ ಅಸ್ಪೃಶ್ಯರೇ ಆರಂಭಿಸಿದ ಆ ಸತ್ಯಾಗ್ರಹ ವರ್ಷಗಟ್ಟಲೆ ನಡೆಯಿತು, ಅವರು ಕಲ್ಲೇಟು ತಿಂದರು, ಜೈಲು ಕಂಡರು, ಬಾಗಿಲು ತೆರೆಯಲಿಲ್ಲ. ಪಂಢರಪುರದಲ್ಲಿ ಬ್ರಾಹ್ಮಣನೊಬ್ಬನ ಹತ್ತು ದಿನಗಳ ಉಪವಾಸಕ್ಕೆ ಅದು ತೆರೆಯಿತು. ಸಾನೆ ಗುರೂಜಿಯವರ ಪ್ರಾಮಾಣಿಕತೆಯನ್ನು ಯಾರೂ ಪ್ರಶ್ನಿಸಲಾರರು. ಆದರೆ ಯಾರ ಹಸಿವು ಸಮಾಜದ ಮನಸ್ಸನ್ನು ಕಲಕುತ್ತದೆ, ಯಾರದು ಕಲಕುವುದಿಲ್ಲ ಎಂಬುದೂ ಇತಿಹಾಸದ ಭಾಗವೇ. ಕಾಳಾರಾಮದ ಅನುಭವದ ಬಳಿಕ ಅಂಬೇಡ್ಕರರಿಗೆ ಮಂದಿರ ಪ್ರವೇಶದಲ್ಲಿ ಆಸಕ್ತಿ ಉಳಿಯಲಿಲ್ಲ. ತಮ್ಮ ಜನರನ್ನು ಹುರಿದುಂಬಿಸಲು ಅದೊಂದು ಸಾಧನವಾಗಿತ್ತೇ ಹೊರತು ಮೂರ್ತಿಪೂಜಕರಾಗಲಿ ಎಂಬುದು ಉದ್ದೇಶವಾಗಿರಲಿಲ್ಲವೆಂದು ಅವರು 1934ರಲ್ಲಿ ಬರೆದರು. 1935ರ ಅಕ್ಟೋಬರ್ 13ರ ಯೇವಲಾ ಘೋಷಣೆ ಎಲ್ಲರಿಗೂ ತಿಳಿದುದೇ.

ಹೀಗಿದ್ದೂ ಅಂಬೇಡ್ಕರರು ಚೋಖಾಮೇಳನನ್ನು ಕೈಬಿಡಲಿಲ್ಲ. ಅಸ್ಪೃಶ್ಯರು ಯಾರು, ಅವರು ಅಸ್ಪೃಶ್ಯರಾದದ್ದು ಹೇಗೆ ಎಂಬುದನ್ನು ಕುರಿತ 1948ರ ಗ್ರಂಥವನ್ನು ಅವರು ನಂದನಾರ್, ರವಿದಾಸ, ಚೋಖಾಮೇಳ ಈ ಮೂವರ ಸ್ಮರಣೆಗೆ ಅರ್ಪಿಸಿದರು. 1954ರ ಡಿಸೆಂಬರ್ 25ರಂದು ಪುಣೆಯ ಬಳಿಯ ದೇಹುರೋಡಿನಲ್ಲಿ ಬುದ್ಧಮೂರ್ತಿಯನ್ನು ಪ್ರತಿಷ್ಠಾಪಿಸಿ ಮಾತನಾಡುತ್ತ, ಪಂಢರಪುರದ ಮೂರ್ತಿ ಮೂಲತಃ ಬುದ್ಧನದೆಂದೂ ಅದನ್ನು ಸಿದ್ಧಪಡಿಸಿ ತೋರಿಸುವುದಾಗಿಯೂ ಹೇಳಿದರು. ಈ ವಾದ ಐತಿಹಾಸಿಕವಾಗಿ ನಿಲ್ಲುತ್ತದೆಯೇ ಎಂಬುದು ಬೇರೆ ವಿಚಾರ. ಢೇರೆಯವರ ಸಂಶೋಧನೆ ಬೇರೆ ದಿಕ್ಕನ್ನು ತೋರುತ್ತದೆ. ಆದರೆ ಜಾನಪದದ ದೃಷ್ಟಿಯಿಂದ ಅದರ ನಡೆ ಕುತೂಹಲಕರ. ಚೋಖಾಮೇಳ ಪಾಟೀಲನ ಜಾಗದಲ್ಲಿ ವಿಠ್ಠಲನನ್ನು ನಿಲ್ಲಿಸಿದ್ದ. ಅಂಬೇಡ್ಕರರು ವಿಠ್ಠಲನ ಜಾಗದಲ್ಲಿ ಬುದ್ಧನನ್ನು ಕಂಡರು. ಬಾಗಿಲು ಕಾಯುವವರಿಗಿಂತ ಒಳಗಿರುವವನ ಮೇಲೆ ಹೊರಗಿನವರಿಗೇ ಹೆಚ್ಚಿನ ಅಧಿಕಾರವಿದೆ ಎಂಬ ಒತ್ತಾಯ ಎರಡರಲ್ಲೂ ಇದೆ. ವ್ಯತ್ಯಾಸವೆಂದರೆ, ಎರಡನೆಯದರಲ್ಲಿ ಎಂಜಲಿಗೆ ಕೈಯೊಡ್ಡುವ ಮಾತಿಲ್ಲ.

1956ರ ಅಕ್ಟೋಬರ್ 14ರ ದೀಕ್ಷೆಯ ನಂತರ ಮಹಾರರಲ್ಲಿ ಬಹುಮಂದಿ ಪಂಢರಪುರದ ಹಾದಿ ಬಿಟ್ಟರು. ಹೊಸ ತಲೆಮಾರಿನ ಬೌದ್ಧರಿಗೆ ಚೋಖಾಮೇಳನ ದೈನ್ಯದ ಅಭಂಗಗಳು ಮುಜುಗರ ತಂದವೆಂಬುದನ್ನು ಈ ಸಮುದಾಯದ ಇತಿಹಾಸವನ್ನು ದೀರ್ಘಕಾಲ ಅಧ್ಯಯನ ಮಾಡಿದ ಎಲಿನಾರ್ ಝೆಲಿಯಟ್ ಗುರುತಿಸಿದ್ದಾರೆ. ಆ ಮುಜುಗರ ಸಹಜವಾದುದು. ಹೊರಗಿನವರು ಅದನ್ನು ಕೃತಘ್ನತೆಯೆಂದು ಕರೆಯುವುದು ಸಲ್ಲದು. ಅದೇ ಹೊತ್ತಿಗೆ ಕರ್ಮಮೇಳ ಮತ್ತು ಸೋಯರಾಬಾಯಿಯರ ರಚನೆಗಳಿಗೆ ಹೊಸ ಓದುಗರು ಹುಟ್ಟಿಕೊಂಡದ್ದೂ ಉಂಟು.

ಮಂದಿರದ ಆಡಳಿತವನ್ನು ವಂಶಪಾರಂಪರ್ಯ ಹಕ್ಕುದಾರರಿಂದ ಬಿಡಿಸಲು ಮಹಾರಾಷ್ಟ್ರ ಸರ್ಕಾರ 1973ರಲ್ಲಿ ಕಾಯ್ದೆ ತಂದಿತು. ಬಡ್ವೆ ಮತ್ತು ಉತ್ಪಾತ ಮನೆತನಗಳು ನ್ಯಾಯಾಲಯಗಳಲ್ಲಿ ಹೂಡಿದ ದಾವೆ ನಾಲ್ಕು ದಶಕಗಳ ಕಾಲ ಎಳೆದು, 2014ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯದಲ್ಲಿ ಅವರ ವಿರುದ್ಧ ಇತ್ಯರ್ಥವಾಯಿತು. ಆ ವರ್ಷವೇ ಮಂದಿರ ಸಮಿತಿ ವಿಠ್ಠಲ-ರುಕ್ಮಿಣಿಯರ ಪೂಜೆಗೆ ಜಾತಿ, ಲಿಂಗಗಳ ನಿರ್ಬಂಧವಿಲ್ಲದೆ ಅರ್ಜಿ ಕರೆಯಿತು. ಅರ್ಜಿ ಹಾಕಿದವರಲ್ಲಿ ಬ್ರಾಹ್ಮಣೇತರರೂ ಹೆಂಗಸರೂ ಇದ್ದರು. ಸಮಾಧಿ ಈಗಲೂ ಮಹಾದ್ವಾರದ ಹೊರಗೇ ಇದೆ. ವಾರಕರಿಗಳು ಅಲ್ಲಿ ತಲೆಬಾಗಿ, ನಾಮದೇವನ ಮೆಟ್ಟಿಲನ್ನು ತುಳಿಯದಂತೆ ದಾಟಿ ಒಳಗೆ ಹೋಗುತ್ತಾರೆ.